ಮೆಲ್ಲಗೆ ತಿರುಗಿದ ಫ್ಯಾನು

“ಗುರುಗಳೇ, ಸಭೆಯಲ್ಲಿ ಯಾರು ಎಷ್ಟೇ ಕೆಣಕಿದರೂ ನಾನು ನಗುತ್ತಲೇ ಉತ್ತರ ಕೊಡುತ್ತೇನೆ. ದನಿ ಏರಿಸುವುದಿಲ್ಲ. ನಾನು ಕೋಪವನ್ನು ಗೆದ್ದಂತೆಯೇ ಅಲ್ಲವೇ?” ಎಂದು ಗೃಹಸ್ಥ ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ದರ್ಜಿಯಿದ್ದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಉಬ್ಬಸದ ತಾಯಿ ಅಲ್ಲೇ ಮಂಚದ ಮೇಲೆ ಮಲಗುತ್ತಿದ್ದಳು. ಫ್ಯಾನು ಜೋರಾದರೆ ಆಕೆಗೆ ಕೆಮ್ಮು ಹತ್ತುತ್ತಿತ್ತು. ನಿಲ್ಲಿಸಿದರೆ ಸೆಕೆಗೆ ಉಸಿರು ಕಟ್ಟುತ್ತಿತ್ತು. ಅದಕ್ಕೇ ಮಗ ರೆಗ್ಯುಲೇಟರನ್ನು ಬೇಸಗೆಯಿಡೀ ಒಂದನೇ ನಂಬರಿನಲ್ಲಿ ಇಟ್ಟಿದ್ದ. ಗಾಳಿ ಹದವಾಗಿ ಬರುತ್ತಿತ್ತು. ತಾಯಿಗೆ ನಿದ್ದೆ ಹತ್ತುತ್ತಿತ್ತು.

ಅದು ಗೋಡೆಗೆ ಹೊಡೆದ, ಪೆಟ್ಟಿಗೆಯಂಥ ಹಳೆಯ ಕಾಲದ ರೆಗ್ಯುಲೇಟರು. ಒಳಗೊಂದು ತಂತಿಯ ಸುರುಳಿ. ಬರುವ ವಿದ್ಯುತ್ತನ್ನು ಅದು ಅಡ್ಡಗಟ್ಟುತ್ತಿತ್ತು. ಫ್ಯಾನಿಗೆ ಕೊಡದೆ ಉಳಿಸಿಕೊಂಡದ್ದೆಲ್ಲ ಅದರೊಳಗೇ ಶಾಖವಾಗುತ್ತಿತ್ತು.

“ಈ ಪೆಟ್ಟಿಗೆ ಮುಟ್ಟಿ ನೋಡಿ, ಕೈ ಇಡುವ ಹಾಗಿಲ್ಲ” ಎಂದಳು ಹೆಂಡತಿ.

“ಫ್ಯಾನು ಮೆಲ್ಲಗೆ ತಿರುಗುತ್ತಿದೆಯಲ್ಲ, ಇನ್ನೇನು ಬೇಕು ನಿನಗೆ?” ಎಂದ ದರ್ಜಿ.

ಒಂದು ಮಧ್ಯಾಹ್ನ ಸುಟ್ಟ ವಾಸನೆ ಬಂತು. ಪೆಟ್ಟಿಗೆಯ ಪಕ್ಕದ ಮೊಳೆಗೆ ನೇತುಹಾಕಿದ್ದ ಮದುವಣಗಿತ್ತಿಯ ರೇಷ್ಮೆ ರವಿಕೆ ಪೆಟ್ಟಿಗೆಗೆ ತಾಗಿದ ಕಡೆ ಕಪ್ಪಾಗಿತ್ತು. ಮರುದಿನ ಬೆಳಿಗ್ಗೆ ಮುಹೂರ್ತ. ದರ್ಜಿ ಅದನ್ನು ಕೈಯಲ್ಲಿ ಹಿಡಿದು ಕುಳಿತ. ಹೆಂಡತಿ ಒಳಗೆ ಹೋಗಿ ತನ್ನ ಧಾರೆ ಸೀರೆಯನ್ನು ತಂದು, ಅದರ ಸೆರಗನ್ನು ತಾನೇ ಕತ್ತರಿಸಿ ಅವನ ಮುಂದಿಟ್ಟಳು. ಅವನು ತಲೆಯೆತ್ತದೆ ಹೊಸ ರವಿಕೆ ಹೊಲಿದು ಕೊಟ್ಟ.

ಮದುವೆ ಮುಗಿದ ಮೇಲೆ ಹೊಸ ರೆಗ್ಯುಲೇಟರು ಹಾಕಿಸಿದ. ಅದು ಫ್ಯಾನಿಗೆ ಬೇಕಾದಷ್ಟನ್ನೇ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಫ್ಯಾನು ಮೊದಲಿನಷ್ಟೇ ಮೆಲ್ಲಗೆ ತಿರುಗಿತು. ಗೋಡೆ ಮಾತ್ರ ತಣ್ಣಗಿತ್ತು.

ಚನ್ನವೀರ ಕೇಳಿದ: “ಗುರುಗಳೇ, ಮಂಚದ ಮೇಲಿದ್ದ ತಾಯಿಗೆ ಇದೇನೂ ತಿಳಿಯಲೇ ಇಲ್ಲವೇ?”

“ಆಕೆಗೆ ತಂಗಾಳಿ ಸಿಗುತ್ತಿತ್ತಪ್ಪಾ, ಪೆಟ್ಟಿಗೆಯ ಬಿಸಿ ತಟ್ಟಿದ್ದು ಸೊಸೆಯ ಕೈಗೆ. ನೀನು ಸಭೆಯವರನ್ನು ಬಿಟ್ಟು ನಿನ್ನ ಹೆಂಡತಿಯನ್ನು ಕೇಳಿ ಬಾ” ಎಂದರು ಗುರುಗಳು.

ಚನ್ನವೀರ ತಲೆ ತಗ್ಗಿಸಿದ.