ಇಂಗ್ಲಿಷ್ ಮಾತಿಗೆ ಹಾಲು ಕುಡಿಸಿದ ಮಾಳಿಂಗ

ನನ್ನ ಹುರಿಮೀಸೆಯಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕಣಗಿಲೆಪುರದ ಡಂಗುರಕ್ಕೆ ಮೂರು ಊರಾಚೆ ಉದುರಿದ ತೆಂಗಿನಕಾಯಿಗಳನ್ನು ನಾನೇ ಹೆಕ್ಕಿದ್ದೇನೆ.

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ರತ್ನಮಾಲೆಯವರು 'ಫಾಸ್ಟರ್' ಎಂಬ ಇಂಗ್ಲಿಷ್ ಕ್ರಿಯಾಪದ ಕಲಿತಿದ್ದಾರೆ. ಅದರ ಅರ್ಥ, ಹುಟ್ಟು, ಬಳಕೆ, ಮೂರು ಒಗಟು! ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ. ತಪ್ಪಿದವರ ತಲೆ ತೆಗೆಯುತ್ತಾರೆ!"

ಕುರಿಗಾಹಿ ಮಾಳಿಂಗನ ಕಂಬಳಿಯೊಳಗೆ ತಾಯಿ ಸತ್ತ ಮರಿಯೊಂದು ಹಾಲಿಲ್ಲದೆ ಸೊರಗಿತ್ತು. ಸಂಜೆವರೆಗೆ ಉಳಿದರೆ ಹೆಚ್ಚು. ಅರಮನೆಯ ಹಟ್ಟಿಯಲ್ಲಿ ಮರಿ ಕಳೆದುಕೊಂಡ ಕುರಿಯೊಂದಿದೆ ಎಂದು ಕೇಳಿದ್ದೇ ತಡ, ತನ್ನ ತಲೆಯ ಚಿಂತೆ ಬಿಟ್ಟು ಸಭೆಗೆ ಬಂದ.

ರಾಜಕುಮಾರಿ ಕೇಳಿದಳು: "ಹೆರದವಳನ್ನು ಮಗು ಅವ್ವಾ ಅನ್ನುತ್ತದೆ. ಅವಳು ಮಾಡಿದ್ದೇನು?"

ಪಾಳೇಗಾರನ ಮಗ ಎದೆಯುಬ್ಬಿಸಿದ. "ಕದ್ದಳು!"

ಅವನನ್ನು ಕಂಬಕ್ಕೆ ಕಟ್ಟಿದರು.

"ಸಾಕಿದಳು, ಅಮ್ಮಾವ್ರೆ," ಎಂದ ಮಾಳಿಂಗ.

"ಸರಿ. 'ಫಾಸ್ಟರ್' ಅಂದರೆ ಅದೇ, ಸಾಕುವುದು. ಈಗ ಜನ ಆ ಪದ ಹಿಡಿದು ಮಕ್ಕಳನ್ನು ಸಾಕುತ್ತಾರೆ, ಸ್ನೇಹ ಬೆಳೆಸುತ್ತಾರೆ, ಆಸೆಯನ್ನೂ ಪೋಷಿಸುತ್ತಾರೆ. ಆದರೆ ಅದರ ಬೇರು ಎಲ್ಲಿದೆ?"

"ಬ್ರಹ್ಮನ ನಾಲಿಗೆಯ ಮೇಲೆ!" ಎಂದರು ಆಸ್ಥಾನ ಪಂಡಿತರೊಬ್ಬರು. ಎರಡನೆಯ ಕಂಬವೂ ತುಂಬಿತು.

ಮಾಳಿಂಗನ ಕಂಬಳಿ 'ಬ್ಯಾ' ಅಂದಿತು.

"ಇದರ ಹೊಟ್ಟೇಲಿ, ಅಮ್ಮಾವ್ರೆ. ಸಾಕೋದು ಅಂದ್ರೆ ಮೊದಲು ಉಣಿಸೋದಲ್ವಾ?"

"ಭಲೇ! ಹಳೆಯ ಇಂಗ್ಲಿಷಿನಲ್ಲಿ ಅದರ ಬೇರು ಆಹಾರವೇ. ಕೊನೆಯದು: ಆ ಪದವನ್ನು ಬಳಸಿ ತೋರಿಸು. ಆದರೆ ತುಟಿ ಬಿಚ್ಚಬಾರದು."

ತಲೆ ತೆಗೆಯುವ ಕಟುಕ ಕೊಡಲಿ ಮಸೆದ. ಮಾಳಿಂಗ ಸಭೆಯ ಎದುರಿಗೇ ಇದ್ದ ಹಟ್ಟಿಗೆ ನಡೆದ. ಸಭೆಯೆಲ್ಲ ಹಿಂದೆಯೇ ಓಡಿತು. ಮರಿಯನ್ನು ಮುಂದೆ ಬಿಟ್ಟಾಗ, ಮರಿ ಕಳೆದುಕೊಂಡ ಕುರಿ ಅದನ್ನು ಒಮ್ಮೆ ಗುಮ್ಮಿ ದೂರ ತಳ್ಳಿತು.

"ಹೋಯ್ತು ಇವನ ತಲೆ!" ಕಂಬದಿಂದಲೇ ಕೂಗಿದ ಪಾಳೇಗಾರನ ಮಗ.

ಮಾಳಿಂಗ ಕುರಿಯ ಹಾಲನ್ನೇ ಅಂಗೈಗೆ ಕರೆದು ಮರಿಯ ಬೆನ್ನಿಗೂ ಬಾಲಕ್ಕೂ ಸವರಿದ, ಮೇಲೆ ಚಿಟಿಕೆ ಉಪ್ಪು ಉದುರಿಸಿದ. ಕುರಿ ಮೂಸಿತು. ತನ್ನದೇ ವಾಸನೆ! ನೆಕ್ಕಿತು, ಮತ್ತೆ ನೆಕ್ಕಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿ ಎಳೆದ ಎಳೆತಕ್ಕೆ ಕೋಟೆ ಎರಡು ಗೇಣು ಜರುಗಿತು. ಕಟುಕ ರುಮಾಲಿನಲ್ಲಿ ಕಣ್ಣೊರೆಸಿಕೊಂಡ.

"ಇದಕ್ಕಿಂತ ಚೆನ್ನಾಗಿ ಆ ಪದವನ್ನು ಯಾರೂ ಬಳಸಿಲ್ಲ," ಎಂದಳು ರಾಜಕುಮಾರಿ. "ಅರ್ಧ ರಾಜ್ಯ ಬೇಕೇ?"

"ಬ್ಯಾಡ್ರಿ. ಈ ಕುರಿ ಕೊಡಿ. ಹುಲ್ಲು ಹೊರೋಕೆ ಕಂಬದಲ್ಲಿರೋ ಆ ಇಬ್ಬರೂ ಬೇಕು, ತಲೆ ಸಮೇತ!"

ಪಂಡಿತರು ಹೊತ್ತ ಮೊದಲ ಹೊರೆಯನ್ನು ಮರಿ ಅಲ್ಲೇ ಮೂಸಿ ನೋಡಿತು. ಎಲ್ಲವೂ ನಿಜ, ಒಂದು ಸಣ್ಣ ವಿಷಯ ಬಿಟ್ಟು: ನನಗೆ ಮೀಸೆಯೇ ಇಲ್ಲ.