ಹಾಲೇಶಪ್ಪನವರ ಕಾರಿನ ಕಾವಲು

ದಾವಣಗೆರೆಯ ಹಾಲೇಶಪ್ಪನವರು ಊರಲ್ಲಿ ಯಾರ ಬಳಿಯೂ ಇಲ್ಲದಂಥ ಕಾರು ಕೊಂಡರು. ಅದನ್ನು ಕಾಯಲು ಗೇಟಿಗೆ ದೊಡ್ಡ ಬೀಗ ಹಾಕಿಸಿದರು, ಗೋಡೆಗೆ ಕ್ಯಾಮೆರಾ ಕೂರಿಸಿದರು. ಅಷ್ಟು ದಿನ ಮನೆ ಕಾಯುತ್ತಿದ್ದ ಕೆಂಚನೆಂಬ ಮುದಿ ನಾಯಿಗೆ ಮನಸ್ಸು ಮುದುಡಿತು.

"ಇನ್ನು ನೀನು ವಿಶ್ರಾಂತಿ ತೆಗೆದುಕೋ. ನನ್ನನ್ನು ಮುರಿಯುವ ಕಳ್ಳ ಇನ್ನೂ ಹುಟ್ಟಿಲ್ಲ," ಎಂದಿತು ಬೀಗ.

"ನಾನಂತೂ ರೆಪ್ಪೆ ಮಿಟುಕಿಸುವುದಿಲ್ಲ," ಎಂದಿತು ಕ್ಯಾಮೆರಾ.

ಒಂದು ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟ ಅಪರಿಚಿತನೊಬ್ಬ ಗೇಟಿನ ಮುಂದೆ ನಿಂತು ಕೈಮುಗಿದ. "ಎಂಥಾ ಗಾಡಿ ಸಾರ್! ಇಂಥದ್ದು ಇಟ್ಕೊಳ್ಳೋಕೂ ಯೋಗ್ಯತೆ ಬೇಕು."

ಹಾಲೇಶಪ್ಪನವರು ಉಬ್ಬಿಹೋಗಿ ತಾವೇ ಬೀಗ ತೆಗೆದರು. ಮೂರು ದಿನದಿಂದ ಕಾಂಪೌಂಡಿನಾಚೆ ಸುಳಿದಾಡುತ್ತಿದ್ದ ವಾಸನೆ ಇವನದೇ ಎಂದು ಕೆಂಚನಿಗೆ ತಿಳಿಯಿತು. ಅದು ಗಂಟಲು ಹರಿಯುವಂತೆ ಬೊಗಳಿತು, ಯಜಮಾನರ ಪಂಚೆ ಕಚ್ಚಿ ಹಿಂದಕ್ಕೆಳೆಯಿತು.

"ಥೂ, ದೊಡ್ಡ ಮನುಷ್ಯರ ಮೇಲೆ ಬೊಗಳ್ತೀಯಾ?" ಎಂದು ಗದರಿಸಿ ಅದನ್ನು ಕಂಬಕ್ಕೆ ಕಟ್ಟಿದರು. ಬಳಿಕ ಕೀಲಿಯನ್ನು ಅತಿಥಿಯ ಕೈಗಿಟ್ಟು, "ನೀವೇ ಒಂದು ರೌಂಡು ಓಡಿಸಿ ನೋಡಿ ಸ್ವಾಮಿ, ಬೆಣ್ಣೆ ಇದ್ದಂಗಿದೆ," ಎಂದರು.

ಮಧ್ಯಾಹ್ನವಾದರೂ ಕಾರು ಮರಳಲಿಲ್ಲ.

"ನನ್ನನ್ನಂತೂ ಯಾರೂ ಮುರಿಯಲಿಲ್ಲ," ಎಂದಿತು ಬೀಗ.

"ಎಲ್ಲವೂ ಸ್ಪಷ್ಟವಾಗಿ ಸೆರೆಯಾಗಿದೆ. ಕೀಲಿ ಕೊಡುವಾಗ ಯಜಮಾನರ ನಗು ಬಹಳ ಚೆನ್ನಾಗಿ ಬಂದಿದೆ," ಎಂದಿತು ಕ್ಯಾಮೆರಾ.

ಕೆಂಚ ಕಂಬಕ್ಕೆ ಕಟ್ಟಿದ ಹಗ್ಗವನ್ನು ಇನ್ನೂ ಜಗ್ಗುತ್ತಲೇ ಇತ್ತು. ಸಂಜೆ ಬೀದಿಯವರೆಲ್ಲ ವಿಚಾರಿಸಲು ಬಂದಾಗ ಹಾಲೇಶಪ್ಪನವರು ಕಂಬದ ಕಡೆ ಕೈತೋರಿಸಿ ನಿಟ್ಟುಸಿರಿಟ್ಟರು.

"ಇಷ್ಟು ವರ್ಷ ಅನ್ನ ಹಾಕಿದ್ದೀನಿ. ಕಣ್ಣೆದುರೇ ಕಾರು ಹೋಗ್ತಿದ್ರೂ ನಿಂತ ಜಾಗ ಬಿಟ್ಟು ಅಲ್ಲಾಡಲಿಲ್ಲ ನೋಡಿ!"