ಅಂಕನಕಟ್ಟೆಯ ಬಿಸಿಮುದ್ದೆ ದಾರಿ

ಅಂಕನಕಟ್ಟೆಯಿಂದ ಹೊಂಗೆಕೊಪ್ಪಲಿಗೆ ಹೋಗುವ ಕಾಲುದಾರಿ ಎರಡೂಕಾಲು ಮೈಲಿ. ನಮ್ಮ ಸೀಮೆಯಲ್ಲಿ ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ. ನಮ್ಮ ಸೀಮೆಯಲ್ಲಿ ಎಂದದ್ದು ಬೇರೆ ಸೀಮೆಯವರು ನೊಂದುಕೊಳ್ಳಬಾರದೆಂಬ ದಾಕ್ಷಿಣ್ಯಕ್ಕೆ. ಕೆರೆಯ ಕೋಡಿಯ ಪಕ್ಕ ಇಳಿದು, ಹುರುಳಿ ಹೊಲಗಳ ಬದುವಿನ ಮೇಲೆ ಸಾಗಿ, ಕಾರೆಮರಡಿ ಎಂಬ ಗುಡ್ಡದ ಮೈಯನ್ನು ಬಳಸಿಕೊಂಡು ಅದು ಹೋಗುತ್ತದೆ. ಗುಡ್ಡ ಹತ್ತಿದ್ದು ಕಾಲಿಗೆ ಗೊತ್ತಾಗುವುದಿಲ್ಲ. ಹಿಂತಿರುಗಿ ನೋಡಿ, ಕೆರೆ ಊಟದ ತಟ್ಟೆಯಷ್ಟಾಗಿ ಕೆಳಗೆ ಕಂಡಾಗಲೇ ಗೊತ್ತಾಗುವುದು. ಕಳೆದ ವರ್ಷ ಪಟ್ಟಣದಿಂದ ಬಂದ ಮಹನೀಯರೊಬ್ಬರು ದಪ್ಪ ಅಟ್ಟೆಯ ಬೂಟು, ಎರಡು ಊರುಗೋಲು, ಬೆನ್ನಿಗೊಂದು ನೀರಿನ ಚೀಲ ಸಮೇತ ಕೋಡಿಯ ಹತ್ತಿರ ಸಿದ್ಧರಾಗಿ ನಿಂತಿದ್ದಾಗ, ಎಂಬತ್ತೆರಡು ವರ್ಷದ ನಮ್ಮ ದೊಡ್ಡಮ್ಮ ಬರಿಗಾಲಿನಲ್ಲಿ, ಕಂಕುಳಲ್ಲೊಂದು ಹುಂಜ ಇಟ್ಟುಕೊಂಡು ಅವರನ್ನು ದಾಟಿ ಹೋದರು. ಈ ದಾರಿಗೆ ಬಿಸಿಮುದ್ದೆ ದಾರಿ ಎಂದು ಹೆಸರು. ನಕ್ಷೆಯಲ್ಲಿ ಬರಿಯ ಚುಕ್ಕೆಗೆರೆಯಿದೆ, ಹೆಸರಿಲ್ಲ. ಹೆಸರು ಬಂದ ಬಗೆಯನ್ನು ನನ್ನಷ್ಟು ಸರಿಯಾಗಿ ಬಲ್ಲವರು ಎರಡೂ ಊರಿನಲ್ಲಿಲ್ಲ. ಬಲ್ಲೆನೆಂದು ಯಾರಾದರೂ ಹೇಳಿದರೆ ಅವರು ನನ್ನಿಂದಲೇ ಕೇಳಿದವರು.

ಹಿಂದೆ ಒಮ್ಮೆ, ಕಾರೆಮರಡಿಯ ಮೇಲೆ ಮೊಲವೂ ಮೈ ತರಚಿಕೊಳ್ಳದೆ ನುಸುಳಲಾಗದಷ್ಟು ಮುಳ್ಳು ಬೆಳೆದಿದ್ದ ಕಾಲದಲ್ಲಿ, ಈ ಊರಿನವರು ಆ ಊರಿಗೆ ಹೋಗಬೇಕಾದರೆ ಗುಡ್ಡವನ್ನು ಸುತ್ತಿ, ಮರಳುಹಳ್ಳ ದಾಟಿ ಅರ್ಧ ದಿನ ನಡೆಯಬೇಕಾಗಿತ್ತು. ಆಗ ಅಂಕನಕಟ್ಟೆಯಲ್ಲಿ ದೊಡ್ಡನಂಜವ್ವ ಎಂಬ ವಿಧವೆ ಇದ್ದಳು. ಅವಳು ಕಟ್ಟಿದ ರಾಗಿಮುದ್ದೆಯನ್ನು ಮಾಳಿಗೆಯ ಮೇಲಿಂದ ಬಿಟ್ಟರೆ ಪುಟಿದು ಮತ್ತೆ ತಟ್ಟೆಗೇ ಬಂದು ಕೂರುತ್ತಿತ್ತು ಎನ್ನುತ್ತಾರೆ. ಇದನ್ನು ನಾನು ನಂಬುವುದಿಲ್ಲ. ಪಕ್ಕದ ಮನೆಯ ತಟ್ಟೆಗೆ ಹೋಗಿ ಕೂರುತ್ತಿತ್ತೆಂದು ನಮ್ಮಜ್ಜ ಹೇಳಿದ್ದೇ ನಂಬಿಕೆಗೆ ಹೆಚ್ಚು ಅರ್ಹ. ನಂಜವ್ವನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳನ್ನು ಒಳ್ಳೆಯ ಮನೆತನವೆಂದು ಹೊಳೆಯಾಚೆಗೆ ಕೊಟ್ಟಿದ್ದಳು. ಆ ಮಗಳು ಹೆತ್ತ ಸುದ್ದಿ ಇಲ್ಲಿಗೆ ಮುಟ್ಟುವ ಹೊತ್ತಿಗೆ ಮೊಮ್ಮಗನ ಹಾಲುಹಲ್ಲು ಬಿದ್ದಿದ್ದವಂತೆ. ಊರಿನವರು ಇದನ್ನು ಹೇಳಿಕೊಂಡು ನಗುತ್ತಿದ್ದರು. ನಂಜವ್ವ ಮಾತ್ರ ನಗುತ್ತಿರಲಿಲ್ಲ. ಆ ಮಗುವಿಗೆಂದು ಹೊಲಿದ ಕುಲಾವಿ ಅವಳ ಪೆಟ್ಟಿಗೆಯಲ್ಲೇ ಉಳಿದಿತ್ತು.

ಆದ್ದರಿಂದ ಕಿರಿಯವಳಾದ ಸಾಕವ್ವನನ್ನು ಕೇಳಿಕೊಂಡು ಹೊಂಗೆಕೊಪ್ಪಲಿನ ಕುರುಬರ ಹುಡುಗ ಬೋರಲಿಂಗ ಬಂದಾಗ ನಂಜವ್ವ ಅವನ ಹಿಂಡು ಎಷ್ಟು, ಹೊಲ ಎಷ್ಟು ಎಂದು ವಿಚಾರಿಸಲಿಲ್ಲ. ಒಂದೇ ಒಂದು ಕರಾರು ಹಾಕಿದಳು. “ನನ್ನೊಲೆ ಮೇಲಿಂದ ಇಳಿಸಿದ ಮುದ್ದೆನ ನಾನೇ ಹೊತ್ಕೊಂಡು ನಿನ್ ಬಾಗಿಲಿಗೆ ಬತ್ತೀನಿ. ಬಿಸಿಯಾಗಿದ್ರೆ ಹೆಣ್ಣು ನಿಂದು. ಆರೋಗಿದ್ರೆ ನಿಮ್ಮೂರು ದೂರ ಕಣಪ್ಪ.” ಸಂಕ್ರಾಂತಿಯವರೆಗೆ ಗಡುವು. ಅಷ್ಟರಲ್ಲಿ ಆಗದಿದ್ದರೆ ಎರಡು ಮನೆಯಾಚೆಯ ಸೋದರಮಾವನ ಮಗನಿಗೆ ಕೊಡುವುದೆಂದು ಮಾತಾಗಿತ್ತು. ಆ ಭೂಪನ ಗೊರಕೆಗೆ ಬಣವೆಯ ಹುಲ್ಲು ಹಾರಿ ಕೆರೆಗೆ ಬೀಳುತ್ತಿತ್ತು ಎನ್ನುತ್ತಾರೆ. ಸಾಕವ್ವನ ಮನಸ್ಸು ಹೊಂಗೆಕೊಪ್ಪಲಿನ ಕಡೆಗೇ ಇತ್ತು.

ಬೋರಲಿಂಗ ಮೈಯಲ್ಲಿ ಕಸುವಿದ್ದವನು, ತಲೆಯಲ್ಲಿ ಅವಸರವಿದ್ದವನು. ಹತ್ತಿರವೆಂದರೆ ನೇರ ಎಂದುಕೊಂಡು, ಮಚ್ಚು ಗುದ್ದಲಿ ಹಿಡಿದು ತನ್ನ ಬಾಗಿಲಿನಿಂದ ನಂಜವ್ವನ ಬಾಗಿಲಿಗೆ ದಾರ ಎಳೆದಂತೆ ಗುಡ್ಡದ ನೆತ್ತಿಯ ಮೇಲೆಯೇ ದಾರಿ ಕಡಿದ. ಒಂದೂವರೆ ಮೈಲಿಯ ಆ ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ನಾನಾಗಿದ್ದರೆ ಏಳು ದಿನದಲ್ಲಿ ಮುಗಿಸುತ್ತಿದ್ದೆ, ಆ ಮಾತು ಬೇರೆ. ಹತ್ತನೆಯ ದಿನ ನಂಜವ್ವ ಮುದ್ದೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಬಿದಿರು ಕುಕ್ಕೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ಹೊರಟಳು. ಕಾಲು ಗುಡ್ಡಕ್ಕೆ ಉಸಿರು ಕಟ್ಟಿತು, ಅರ್ಧ ಗುಡ್ಡಕ್ಕೆ ಮಂಡಿ ಹಿಡಿಯಿತು. ಅವಳು ಬಂಡೆಯೊಂದರ ಮೇಲೆ ಕೂತಳು. ಮುದ್ದೆಯೂ ಅವಳ ಜೊತೆ ಕೂತು ಆರಿತು. ಬೋರಲಿಂಗ ಓಡಿಬಂದು, ಕೊಡಿ ಅವ್ವ, ನಾನು ಹೊತ್ತು ಓಡುತ್ತೇನೆ ಎಂದು ಗೋಗರೆದ. ಮುದ್ದೆ ಬೇಗ ಬರೋದಲ್ಲ ಕಣಪ್ಪ, ನಾನು ಬರಬೇಕು ಎಂದು ಹೇಳಿ ನಂಜವ್ವ ಕುಕ್ಕೆ ಎತ್ತಿಕೊಂಡು ನಿಧಾನಕ್ಕೆ ಕೆಳಗಿಳಿದಳು.

ಅದರ ಮಾರನೆಯ ದಿನ ಬೋರಲಿಂಗ ಜೋಲುಮೋರೆ ಹಾಕಿಕೊಂಡು ಅಂಕನಕಟ್ಟೆಯ ಕೆರೆಯಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಸಾಕವ್ವ ಅಲ್ಲಿಯೇ ಎಮ್ಮೆ ತೊಳೆಯುತ್ತಿದ್ದಳು. ಮಾತು ನಿಶ್ಚಯವಾಗದ ಗಂಡಿನೊಡನೆ ಹೆಣ್ಣು ನೇರವಾಗಿ ಮಾತಾಡುವ ಕಾಲವಲ್ಲ ಅದು. ಹಾಗಾಗಿ ಅವಳು ಎಮ್ಮೆಯ ಬೆನ್ನುಜ್ಜುತ್ತಾ ಎಮ್ಮೆಗೇ ಹೇಳಿದಳಂತೆ. “ನೋಡೇ, ಹುಟ್ಟಿದಾಗ್ಲಿಂದ ಕುರಿ ಹಿಂದೆ ನಡೀತಾವ್ರೆ ಕೆಲವ್ರು. ಗಬ್ಬದ ಕುರಿ ಗುಡ್ಡ ಹೆಂಗೆ ಹತ್ತುತ್ತೆ ಅಂತ ಒಂದಿನಾನೂ ನೋಡಿಲ್ಲ.” ಎಮ್ಮೆ ಬಾಲ ಬೀಸಿ ನೊಣ ಓಡಿಸಿತು. ಬೋರಲಿಂಗ ಮಾತ್ರ ಕುರಿಗಳನ್ನು ಅಲ್ಲೇ ಬಿಟ್ಟು ಎರಡು ಹೆಜ್ಜೆ ಓಡಿ, ಆಮೇಲೆ ಕುರಿಗಳೇ ಬೇಕೆಂಬುದು ಹೊಳೆದು ಹಿಂದಕ್ಕೆ ಬಂದ.

ತುಂಬು ಗಬ್ಬದ ಕುರಿ ಏರಿಗೆ ಎದೆ ಕೊಡುವುದಿಲ್ಲ; ಓರೆಯಾಗಿ, ಮೈ ತೂಗಿಕೊಂಡು, ಕಾಲಿಗೆ ಹಿತವಾದಲ್ಲಿ ಮಾತ್ರ ನಡೆಯುತ್ತದೆ. ಬೋರಲಿಂಗ ಹಿಂಡಿನಿಂದ ಐದು ಗಬ್ಬದ ಕುರಿಗಳನ್ನು ಬೇರ್ಪಡಿಸಿ ಮನೆಯ ಕಡೆಗೆ ಬಿಟ್ಟ; ಉಣ್ಣೆಯ ಮೈಗೆ ಮುಳ್ಳಿನ ಲೆಕ್ಕವಿಲ್ಲ. ತಾನು ಹಿಂದಿನಿಂದ ಒಲೆಯ ಬೂದಿ ಚೆಲ್ಲಿ ಗುರುತು ಹಾಕುತ್ತಾ ನಡೆದ. ಅವುಗಳ ನಿಧಾನ ಎಷ್ಟಿತ್ತೆಂದರೆ ಅಂಕನಕಟ್ಟೆಯಲ್ಲಿ ಐದಾಗಿ ಹೊರಟ ಕುರಿಗಳು ಹೊಂಗೆಕೊಪ್ಪಲಿಗೆ ಏಳಾಗಿ ಮುಟ್ಟಿದವು ಎನ್ನುತ್ತಾರೆ. ಬೂದಿ ಬಿದ್ದ ಕಡೆಯೆಲ್ಲ ಮುಳ್ಳು ಸವರಿ, ಕಲ್ಲು ಸರಿಸಿ, ಸಂಕ್ರಾಂತಿಗೆ ಎರಡು ದಿನವಿರುವಾಗ ದಾರಿ ಮುಗಿಯಿತು. ಮುಗಿದ ಮೇಲೆ ನಡೆದು ನೋಡಿದರೆ ಅದು ನೇರದಾರಿಗಿಂತ ಮುಕ್ಕಾಲು ಮೈಲಿ ಹೆಚ್ಚು. ಅಷ್ಟು ದೂರಕ್ಕೆ ಮುದ್ದೆ ಆರದಿರುತ್ತದೆಯೇ? ಬೇರೆ ಮಾಡುವುದಕ್ಕೆ ಹೊತ್ತಿರಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಬೆಳಗ್ಗೆ, ಕಿವಿ ಕೊರೆಯುವ ಚಳಿಗಾಳಿಯಲ್ಲಿ ನಂಜವ್ವ ಹೊರಟಳು. ಹೊಂಗೆಕೊಪ್ಪಲಿನವರೆಲ್ಲ ಬೋರಲಿಂಗನ ಬಾಗಿಲಲ್ಲಿ ನೆರೆದಿದ್ದರು. ಊರ ಪಟೇಲ ಪುಟ್ಟಮಾದೇಗೌಡ ಮುದ್ದೆಯನ್ನು ಮುಟ್ಟಿ ತೀರ್ಪು ಹೇಳಲೆಂದು ಕೈತೊಳೆದುಕೊಂಡು ನಿಂತಿದ್ದ. ಗುಡ್ಡದ ಮೈಯ ಮೇಲೆ ನಂಜವ್ವ ಒಮ್ಮೆ ಕಂಡಳು, ಒಮ್ಮೆ ಮರೆಯಾದಳು. ಎಲ್ಲಿಯೂ ಕೂರಲಿಲ್ಲ. ಎಲೆಯಡಿಕೆ ಜಗಿಯುತ್ತಲೇ ಬಂದು ಜಗಲಿಯ ಮೇಲೆ ಕುಕ್ಕೆ ಇಳಿಸಿ ಗಂಟು ಬಿಚ್ಚಿದಳು. ಹಬೆ ಏಳಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋರಲಿಂಗ ನೆಲ ನೋಡಿದ. ಪಟೇಲ ಬೆರಳು ಚಾಚಿದಾಗ ನಂಜವ್ವ ಅವನ ಕೈಯನ್ನು ಪಕ್ಕಕ್ಕೆ ಸರಿಸಿ, ಮೊದಲು ತನ್ನ ಮಂಡಿಯನ್ನು ಮುಟ್ಟಿ ನೋಡಿಕೊಂಡಳು, ಆಮೇಲೆ ಬಂದ ದಾರಿಯ ಕಡೆ ತಿರುಗಿ ನೋಡಿದಳು. ಕೊನೆಗೆ ಮುದ್ದೆಯಿಂದ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡಳು.

“ಬಿಸಿಯಾಗೈತೆ” ಎಂದಳು.

“ಹಬೆನೇ ಕಾಣ್ತಿಲ್ವಲ್ಲ, ನಂಜವ್ವ?” ಎಂದ ಪಟೇಲ.

“ಹೊತ್ತು ತಂದೋಳು ನಾನು ಗೌಡ್ರೆ. ಬಿಸಿಯಾಗೈತೆ. ನಾಳೆ ಸಾರೂ ತತ್ತೀನಿ.”

ಪಟೇಲ ಚಾಚಿದ ಬೆರಳನ್ನು ಏನು ಮಾಡಬೇಕೆಂದು ತಿಳಿಯದೆ ಮೀಸೆ ತಿರುವಿಕೊಂಡನಂತೆ. ಅತ್ತ ಅಂಕನಕಟ್ಟೆಯಲ್ಲಿ ಬೆಳಗ್ಗಿನಿಂದ ಒಲೆಯ ಮುಂದೆಯೇ ಕೂತಿದ್ದ ಸಾಕವ್ವ, ಬಿಸಿಲೇರುವ ಮೊದಲೇ ತಾಯಿ ಕೈಬೀಸಿಕೊಂಡು ಮರಳಿ ಬರುವುದನ್ನು ಕಂಡಳು. ಕೇಳುವುದೇನೂ ಉಳಿದಿರಲಿಲ್ಲ. ಆ ವರ್ಷವೇ ಮದುವೆಯಾಯಿತು. ಮುಂದೆ ಸಾಕವ್ವ ಹೆತ್ತಾಗ, ಕೂಸಿನ ಮೊದಲ ಅಳುವಿಗೆ ಅಜ್ಜಿ ಹೊಸ್ತಿಲ ಮೇಲಿದ್ದಳು ಎನ್ನುತ್ತಾರೆ.

ಇಂದಿಗೂ ನಡೆಯಲು ಬಂದವರು ಎರಡು ದಾರಿಗಳನ್ನೂ ಕಾಣಬಹುದು. ಬೋರಲಿಂಗ ಕಡಿದ ನೇರದಾರಿ ಗುಡ್ಡದ ನೆತ್ತಿಯಿಂದ ಕೆಂಪಗೆ ಇಳಿದ ಕೊರಕಲಾಗಿದೆ. ಮಳೆಯ ನೀರು ಬಿಟ್ಟರೆ ಅದರಲ್ಲಿ ಯಾರೂ ಓಡಾಡುವುದಿಲ್ಲ. ಕುರಿಗಳು ತೋರಿಸಿದ ದಾರಿ ಮಾತ್ರ ಹುಲ್ಲು ಹುಟ್ಟದಷ್ಟು ಸವೆದು ನುಣುಪಾಗಿದೆ. ಬೆಳಗಿನ ಹೊತ್ತು ಕೋಡಿಯ ಹತ್ತಿರ ನಿಂತರೆ, ಒಬ್ಬಳಲ್ಲ ಒಬ್ಬಳು ತಾಯಿ ಬಟ್ಟೆಯ ಗಂಟು ಹಿಡಿದು ಮಗಳ ಮನೆಗೆ ಹೊರಟಿರುತ್ತಾಳೆ. ಬೇಕಾದರೆ ಅವಳ ಹಿಂದೆಯೇ ನಡೆಯಿರಿ; ಆದರೆ ಮಾತಾಡುತ್ತಾ ಹಿಂದೆ ಬೀಳಬೇಡಿ, ಅವಳು ಕಾಯುವುದಿಲ್ಲ. ಹೊಂಗೆಕೊಪ್ಪಲಿನ ಬಾಗಿಲಲ್ಲಿ ಅವಳು ಗಂಟನ್ನು ಮಗಳ ಕೈಗಿಡುತ್ತಾಳೆ. ಎಂಥ ಕೊರೆಯುವ ಚಳಿಯಿರಲಿ, ಮಗಳು ಅದನ್ನು ಬಿಚ್ಚಿ ನೋಡುವ ಮೊದಲೇ, ಬಿಸಿಯಾಗೈತೆ ಕಣವ್ವ, ಒಳಗೆ ಬಾ ಎನ್ನುತ್ತಾಳೆ.